ಜೋಡಿಕಟ್ಟೆ ವೃತ್ತದ ಕ್ಯಾಮೆರಾದವರಿಗೆ, ನನ್ನ ಯಜಮಾನರ ಹಿಂದೆ ಕುಳಿತಿದ್ದ ಹೆಂಗಸಿನ ವಿಚಾರವಾಗಿ

ಬಿಸಿಲಿಗೆ ಟೋಪಿಯಿಲ್ಲದೆ, ಮಳೆಗೆ ಕೊಡೆಯಿಲ್ಲದೆ, ಚನ್ನಪಟ್ಟಣದಿಂದ ರಾಮನಗರಕ್ಕೆ ಹೋಗುವ ಹಳೆ ರಸ್ತೆಯ ಜೋಡಿಕಟ್ಟೆ ವೃತ್ತದಲ್ಲಿ ಕಂಬದ ಮೇಲೆ ನಿಂತು, ಊಟ ನಿದ್ದೆ ಬಿಟ್ಟು ನಮ್ಮೆಲ್ಲರ ತಲೆಗಳ ಯೋಗಕ್ಷೇಮ ನೋಡಿಕೊಳ್ಳುತ್ತಿರುವ ಕ್ಯಾಮೆರಾ ಅವರ ಸನ್ನಿಧಿಗೆ,

ಮಾನ್ಯರೇ,

ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ ಮಾಡಿಕೊಂಡಿರುವ ಹಫೀಜಾ ಎಂಬ ನಾನು ತಮಗೆ ಮಾಡುವ ಸಲಾಮುಗಳು. ತಾವು ಕ್ಷೇಮವೆಂದು ಬಲ್ಲೆ. ತಾವು ಕೆಟ್ಟು ಕೂತ ದಿನ ಆ ರಸ್ತೆಯಲ್ಲಿ ಹೆಲ್ಮೆಟ್ಟುಗಳೆಲ್ಲ ತಲೆಯಿಂದ ಇಳಿದು ಹ್ಯಾಂಡಲ್ಲಿಗೆ ತೂಗುತ್ತವಾದ್ದರಿಂದ, ತಮ್ಮ ಆರೋಗ್ಯದ ಸುದ್ದಿ ಬಸ್ಸಿನ ಕಿಟಕಿಯಿಂದಲೇ ತಿಳಿಯುತ್ತದೆ. ನಾವಿಬ್ಬರೂ ಪರಿಚಿತರಲ್ಲ. ತಮ್ಮ ಕೆಳಗೆ ನಾನು ಎಷ್ಟೋ ಸಲ ಹಾದುಹೋಗಿದ್ದರೂ ಬಸ್ಸಿನೊಳಗೆ ನಿಂತೇ ಹೋದವಳು, ತಮ್ಮ ಗಮನಕ್ಕೆ ಬಂದಿರಲಾರೆ. ನನ್ನ ಯಜಮಾನರಾದ ಮುನಾವರ್ ಅವರನ್ನು ಮಾತ್ರ ತಾವು ಬಲ್ಲಿರಿ. ಅವರ ಹಿಂದೆ ಕುಳಿತಿದ್ದ ಹೆಂಗಸನ್ನಂತೂ ನನಗಿಂತ ಚೆನ್ನಾಗಿ ಬಲ್ಲಿರಿ. ಆ ಹೆಂಗಸಿನ ವಿಚಾರವಾಗಿಯೇ ಈ ಪತ್ರ.

ಇಷ್ಟು ದೊಡ್ಡವರಿಗೆ ನೇರವಾಗಿ ಬರೆಯುವುದು ಅಧಿಕಪ್ರಸಂಗವೆಂದು ನನಗೂ ಗೊತ್ತು. ಆದರೆ ನಾನು ಹೋದ ಪ್ರತಿಯೊಂದು ಕಚೇರಿಯಲ್ಲೂ, ಕಿಟಕಿಯ ಹಿಂದಿದ್ದ ಪ್ರತಿಯೊಬ್ಬರೂ, "ನಾವೇನ್ ಮಾಡಕ್ಕಾಯ್ತದೆ ಅಮ್ಮಾ, ಕ್ಯಾಮೆರಾ ಹೇಳೈತೆ" ಎಂದು ಕೈಚೆಲ್ಲಿದ್ದರಿಂದ, ಈ ಜಿಲ್ಲೆಯಲ್ಲಿ ತಮಗಿಂತ ಮೇಲಿನ ಅಧಿಕಾರಿ ಯಾರೂ ಇಲ್ಲವೆಂಬ ತೀರ್ಮಾನಕ್ಕೆ ಬಂದಿದ್ದೇನೆ. ತಮ್ಮದು ಒಂದೇ ಕಣ್ಣಾದರೂ ಉಳಿದವರೆಲ್ಲ ಅದರಿಂದಲೇ ನೋಡುತ್ತಾರೆ.

ಮೊದಲು ನಮ್ಮ ಕಸುಬಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಅಪರಾಧದ ಸ್ವರೂಪ ತಮಗೆ ತಿಳಿಯದು. ಯಜಮಾನರು ಲೇತ್‌ನಲ್ಲಿ ಮರ ಕಡೆದು ಅರಗಿನ ಬಣ್ಣ ಹಿಡಿಸುತ್ತಾರೆ. ಹುಬ್ಬು, ತುಟಿ, ಎಲ್ಲಕ್ಕಿಂತ ಕೊನೆಗೆ ಕಣ್ಣು, ಇವುಗಳನ್ನು ಬರೆಯುವುದು ನನ್ನ ಪಾಲು. ಅಂಗೈಯಗಲದ ಗೊಂಬೆಗಳಿಗೆ ಮನೆಯಲ್ಲೇ ಕಣ್ಣು ಬರೆಯುತ್ತೇನೆ. ಅಂಗಡಿಯ ಮುಂದೆ ನಿಲ್ಲಿಸುವ ದೊಡ್ಡ ಗೊಂಬೆಗೆ ಮಾತ್ರ ನಮ್ಮ ಮನೆಯಲ್ಲಿ ಬೇರೆ ಕ್ರಮ: ಅದು ತನ್ನ ಜಾಗಕ್ಕೆ ಹೋಗಿ ನಿಂತ ಮೇಲೆಯೇ ಕಣ್ಣು. ಇದು ನನ್ನ ಅತ್ತೆ ಖುರ್ಷಿದಾ ಅವರು ಹಾಕಿಕೊಟ್ಟ ಪದ್ಧತಿ. ಮನೆಯಲ್ಲಿ ಕೂತು ಕಣ್ಣು ಬರೆದರೆ ಗೊಂಬೆ ಅಂಗಡಿಗೆ ಹೋದ ಮೇಲೆ ಗಿರಾಕಿಯ ನೆತ್ತಿಯನ್ನೋ ಚಪ್ಪಲಿಯನ್ನೋ ನೋಡುತ್ತ ನಿಲ್ಲುತ್ತದೆ, ಕಟ್ಟೆಯ ಎತ್ತರ ಬಾಗಿಲಿನ ದಿಕ್ಕು ನೋಡಿ ಅಲ್ಲೇ ಬರೆದರೆ ಮಾತ್ರ ಬಂದವರ ಮುಖ ನೋಡುತ್ತದೆ ಎಂಬುದು ಅವರ ವಾದ, ಮತ್ತು ಆ ವಾದ ಸುಳ್ಳಾದದ್ದನ್ನು ನಾನು ಕಂಡಿಲ್ಲ.

ಹೀಗಾಗಿ ದೊಡ್ಡ ಗೊಂಬೆ ಹೋಗುವ ದಿನ ಮೂವರು ಹೋಗಬೇಕು: ಗೊಂಬೆ, ಯಜಮಾನರು, ನಾನು. ನಮ್ಮಲ್ಲಿರುವುದು ನನ್ನ ಹೆಸರಿನ ಒಂದು ಸ್ಕೂಟರ್. ಗೊಂಬೆಯನ್ನು ಲಗೇಜ್ ಆಟೊದಲ್ಲಿ ಮಲಗಿಸಿ ಕಳಿಸಬಹುದಲ್ಲ ಎಂದು ತಾವು ಕೇಳಬಹುದು. ಒಮ್ಮೆ ಹಾಗೆ ಅಕ್ಕೂರಿಗೆ ಕಳಿಸಿದ್ದ ಗೊಂಬೆ ಊರು ತಲುಪುವ ಮೊದಲೇ ಮೂಗು ಕಳೆದುಕೊಂಡಿತು. ಅರಗಿನ ಹೊಳಪಿಗೆ ಒಂದು ಗೀರು ಬಿದ್ದರೂ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಗೊಂಬೆ ನನ್ನ ಸೀಟಿನಲ್ಲಿ ನೆಟ್ಟಗೆ ಕೂರುತ್ತದೆ, ನನ್ನ ದುಪ್ಪಟ್ಟಾದಿಂದ ಅದನ್ನು ಯಜಮಾನರ ಸೊಂಟಕ್ಕೆ ಬಿಗಿಯುತ್ತೇನೆ, ಧೂಳು ಕೂರದಿರಲೆಂದು ಉಳಿದ ಸೆರಗನ್ನು ಅದರ ತಲೆಯ ಮೇಲೆ ಹೊದಿಸುತ್ತೇನೆ, ಅವರಿಬ್ಬರೂ ಹೊರಡುತ್ತಾರೆ, ನಾನು ಬಣ್ಣದ ಡಬ್ಬಿ ಹಿಡಿದು ಬಸ್‌ ಸ್ಟ್ಯಾಂಡಿಗೆ ನಡೆಯುತ್ತೇನೆ. ಇಷ್ಟು ವರ್ಷ ಇದು ನನಗೆ ವಿಚಿತ್ರವೆನಿಸಿರಲಿಲ್ಲ. ಈಚೆಗೆ ಅನಿಸತೊಡಗಿತು. ನಾನೇ ಸ್ಕೂಟರ್ ಓಡಿಸಿದರೆ, ಗೊಂಬೆಯನ್ನು ನಾನೇ ಕರೆದೊಯ್ದು, ನಾನೇ ಕಣ್ಣು ಬರೆದು, ನನಗೆ ಬೇಕಾದ ಹೊತ್ತಿಗೆ ನಾನೇ ಮನೆಗೆ ಬರಬಹುದಲ್ಲ ಎಂಬ ಆಸೆ ಹುಟ್ಟಿ, ಗಾಡಿ ಕಲಿಯುವವರಿಗೆ ಕೊಡುವ ಎಲ್‌ಎಲ್ ಮಾಡಿಸಿದೆ. ಹೆಲ್ಮೆಟ್ ಕೊಂಡೆ. ನಮ್ಮ ಬೀದಿಯ ಹಿಂದಿನ ಬಯಲಿನಲ್ಲಿ ಬೆಳಗಿನ ಹೊತ್ತು, ನೋಡುವವರೆಲ್ಲ ನೋಡಲಿ ಎಂದು, ಪರೀಕ್ಷೆಯಲ್ಲಿ ಕೇಳುವಂತೆ ಗಾಡಿಯಲ್ಲಿ ಎಂಟು ಹಾಕುವುದನ್ನು ಕಲಿತೆ. ಕಾಲು ನೆಲಕ್ಕೆ ತಾಗದಂತೆ ಎಂಟು ಪೂರ್ತಿ ಬಂದ ದಿನ ಅತ್ತೆಯವರು ಗೋಡೆಯಾಚೆಯಿಂದ ಚಪ್ಪಾಳೆ ತಟ್ಟಿದರು. ಎಲ್‌ಎಲ್ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆಯುವುದೊಂದೇ ಬಾಕಿಯಿತ್ತು. ದಯವಿಟ್ಟು ಇದನ್ನು ನೆನಪಿನಲ್ಲಿಡಿ, ಯಾಕೆಂದರೆ ಮುಂದೆ ಯಾರೂ ಇಟ್ಟುಕೊಳ್ಳುವುದಿಲ್ಲ.

ಗಂಗಹನುಮಯ್ಯನವರ ಗೊಂಬೆ ಅಂಗಡಿ ತಮ್ಮ ವೃತ್ತದಾಚೆಗೆ, ರಾಮನಗರದ ಕಡೆಗಿದೆ. ಹೊಸ ಹೆದ್ದಾರಿ ಬಂದ ಮೇಲೆ ಅವರ ಅಂಗಡಿಯ ಮುಂದೆ ನಿಲ್ಲುವ ಕಾರುಗಳು ಕಡಿಮೆಯಾಗಿ, ನಿಲ್ಲುವ ದನಗಳು ಹೆಚ್ಚಾಗಿ, ಅವರು ಬೇಸತ್ತು ಒಂದು ಸ್ವಾಗತದ ಗೊಂಬೆ ಬೇಕೆಂದರು. ಕುಳಿತ ಹೆಂಗಸಿನಷ್ಟು ಎತ್ತರ, ಕೆಂಪು ಸೀರೆ, ಮುಗಿದ ಕೈ. ಯಜಮಾನರು ಅದನ್ನು ಮನಸ್ಸಿಟ್ಟು ಮಾಡಿದರು. ಸೆಖೆಯ ಒಂದು ಮಧ್ಯಾಹ್ನ ಅದನ್ನು ಹಿಂದೆ ಕೂರಿಸಿಕೊಂಡು, ನಿಯಮದಂತೆ ತಲೆಗೆ ಹೆಲ್ಮೆಟ್ ಹಾಕಿಕೊಂಡು, ನಿಯಮದಂತೆ ಎಡಗಡೆಯಲ್ಲಿ, ತಮ್ಮ ಕೆಳಗೆ ಹಾದುಹೋದರು. ಹಿಂದಿನ ಬಸ್ಸಿನಲ್ಲಿ ನಾನೂ ಹೋದೆ. ಅಂಗಡಿಯ ಕಟ್ಟೆಯ ಮೇಲೆ ಗೊಂಬೆಯನ್ನು ನಿಲ್ಲಿಸಿ, ಬಾಗಿಲಿಗೆ ಬರುವವರ ಎತ್ತರಕ್ಕೆ ನಾನೇ ನಿಂತು ನೋಡಿ, ಕಣ್ಣು ಬರೆದೆ. ಗಂಗಹನುಮಯ್ಯನವರು, "ಹಫೀಜಮ್ಮಾ, ಒಳ್ಳೆ ನಮ್ಮತ್ತೆ ನೋಡ್ದಂಗೆ ನೋಡ್ತಾಳಲ್ಲಾ ಇವ್ಳು! ಇನ್ನು ಗಿರಾಕಿಗೆ ಜಾಸ್ತಿ ರೇಟ್ ಹೇಳಕ್ಕೂ ಭಯ ಆಯ್ತದೆ" ಎಂದು ಹೊಗಳಿದರು. ನಾವು ಸಂತೋಷವಾಗಿ ಮನೆಗೆ ಬಂದೆವು. ಮರುದಿನ ನನ್ನ ಫೋನಿಗೆ ತಮ್ಮ ಸಂದೇಶ ಬಂತು.

ಇಂಥ ಸಂದೇಶದೊಳಗಿನ ಕೊಂಡಿ ಒತ್ತಿ ಮೋಸಹೋದವರ ಕಥೆಗಳನ್ನು ಕೇಳಿದ್ದರಿಂದ ನಾನು ಒತ್ತಲಿಲ್ಲ. ನಮ್ಮ ಬೀದಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿರುವ ಉಜೈರ್ ಬಳಿಗೆ ಹೋದೆ. ಅವರು ಗಾಡಿಯ ನಂಬರ್ ಹಾಕಿದರು, ಚಾಸಿ ನಂಬರಿನ ಕೊನೆಯ ಅಂಕಿಗಳನ್ನು ಹಾಕಿದರು, ಒಟಿಪಿ ಬಂತು, ಹೋಯಿತು, ಮತ್ತೆ ಬಂತು, ಪುಟ ತೆರೆಯಿತು. ತೆರೆದದ್ದೇ ತಡ ಉಜೈರ್ ಪರದೆಯನ್ನು ನನಗೆ ಕಾಣದಂತೆ ಆಚೆಗೆ ತಿರುಗಿಸಿ, ಎದ್ದು, ಕೂತಿದ್ದ ಕುರ್ಚಿಯನ್ನು ನನಗೆ ಕೊಟ್ಟರು. "ಭಾಬಿ, ಒಸಿ ಕೂತ್ಕೊಳ್ಳಿ. ನೀರು ಕುಡೀರಿ. ಏನೇ ಇದ್ರೂ ಮನೇಲಿ ಕೂತು ಮಾತಾಡ್ಕೊಳ್ಳಿ, ಬೀದೀಲಿ ಬ್ಯಾಡ. ಮುನಾವರ್ ಭಾಯ್ ಅಂಥೋರಲ್ಲ" ಎಂದರು. ಅಂಥವರು ಎಂದರೆ ಎಂಥವರು ಎಂದು ಕೇಳಿ ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಅಲ್ಲಿ ನನ್ನ ಯಜಮಾನರಿದ್ದರು, ನನ್ನ ಸ್ಕೂಟರಿತ್ತು, ನನ್ನ ದುಪ್ಪಟ್ಟಾ ಇತ್ತು, ಮತ್ತು ತಾವು ಕೆಂಪು ಚೌಕ ಹಾಕಿ ತೋರಿಸಿದ್ದ ಅವಳಿದ್ದಳು. ಕೆಳಗೆ ಅಚ್ಚುಕಟ್ಟಾಗಿ ಬರೆದಿತ್ತು: ಹಿಂಬದಿ ಸವಾರರು, ಮಹಿಳೆ, ಹೆಲ್ಮೆಟ್ ಧರಿಸಿಲ್ಲ.

ಮಾನ್ಯರೇ, ಇಲ್ಲಿ ನಾನು ದೂರನ್ನು ಒಂದು ಗಳಿಗೆ ಬದಿಗಿಟ್ಟು ತಮ್ಮನ್ನು ಅಭಿನಂದಿಸಲೇಬೇಕು. ಮದುವೆಯಾಗಿ ಬಂದ ದಿನದಿಂದ ನಾನು ಮರವನ್ನು ಹೆಣ್ಣಾಗಿ ಕಾಣಿಸಲು ದುಡಿದಿದ್ದೇನೆ. ಪ್ರದರ್ಶನಗಳಲ್ಲಿ ಗಣ್ಯರು ಬಂದು ಎತ್ತಿ ನೋಡಿ, ಚೆನ್ನಾಗಿದೆ, ಕೀಚೈನ್ ಇಲ್ಲವೇ ಎಂದು ಕೇಳಿ ಹೋಗಿದ್ದಾರೆ. ಕಣ್ಣು ಕೂಡ ಬರೆಯದ ಗೊಂಬೆಯನ್ನು, ಓಡುವ ಗಾಡಿಯ ಮೇಲೆ, ಒಂದು ಕ್ಷಣದಲ್ಲಿ, ಹೆಣ್ಣೆಂದು ಗುರುತಿಸಿ, ಅವಳ ತಲೆ ಒಡೆಯಬಾರದೆಂದು ಕಳವಳಪಟ್ಟವರು ತಾವೊಬ್ಬರೇ. ಅತ್ತೆಯವರಿಗೂ ಚಿತ್ರ ತೋರಿಸಿದೆ. ಅವರು ಕನ್ನಡಕ ಹಾಕಿ ಬಹಳ ಹೊತ್ತು ನೋಡಿ ಹೇಳಿದ್ದನ್ನು ನಮ್ಮ ಮನೆಯ ಉರ್ದುವಿನಿಂದ ತಮಗಾಗಿ ಕನ್ನಡಕ್ಕೆ ತಂದು ಬರೆಯುತ್ತೇನೆ: "ಹೊಸಬಳಾದರೂ ಮರ್ಯಾದಸ್ಥೆ. ಕೈಮುಗಿದು ಸುಮ್ಮನೆ ಕೂತಿದ್ದಾಳೆ. ನೀನು ಹಿಂದೆ ಕೂತರೆ ಅವನ ಭುಜ ಹಿಡಿದು ನಿಧಾನ ನಿಧಾನ ಅಂತ ಊರಿಗೆಲ್ಲ ಕೇಳಿಸುತ್ತೀಯ." ಯಜಮಾನರು ನಗಬಾರದಿತ್ತು. ನಕ್ಕರು.

ನಗು ನಿಂತದ್ದು ನನ್ನ ಪರೀಕ್ಷೆಗೆ ದಿನ ಗೊತ್ತು ಮಾಡಲು ಉಜೈರ್ ಇನ್ನೊಂದು ಪುಟ ತೆರೆದಾಗ. ಅರ್ಜಿದಾರರ ಹೆಸರಿನಲ್ಲಿ ಸಂಚಾರ ಪ್ರಕರಣ ಬಾಕಿಯಿರುವುದರಿಂದ ಪರೀಕ್ಷೆಗೆ ಅವಕಾಶವಿಲ್ಲ ಎಂದು ಅದು ಹೇಳಿತು. ಅಂದರೆ, ಗಾಡಿ ನನ್ನದು, ಓಡಿಸಿದವರು ಯಜಮಾನರು, ಹಿಂದೆ ಕೂತದ್ದು ಗೊಂಬೆ, ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ನಿಂತಿದ್ದವಳು ಅಪರಾಧಿ. "ದಂಡ ಕಟ್ಟಿ ಬಿಸಾಕು ಹಫೀಜಾ. ಗೊಂಬೆ ನಮ್ಮದೇ ತಾನೆ, ಹೊರಗಿನವಳೇನಲ್ಲವಲ್ಲ" ಎಂದರು ಯಜಮಾನರು. ಅವರ ಮಾತು ಕೇಳಿದ್ದರೆ ಆ ಸಂಜೆಯೇ ಎಲ್ಲ ಮುಗಿಯುತ್ತಿತ್ತು. ಆದರೆ ದಂಡ ಕಟ್ಟುವ ಗುಂಡಿಯ ಪಕ್ಕದಲ್ಲೇ, ತಮ್ಮ ಇಲಾಖೆಯ ಔದಾರ್ಯಕ್ಕೆ ಸಾಕ್ಷಿಯಾಗಿ, ಆಕ್ಷೇಪಣೆ ಎಂಬ ಇನ್ನೊಂದು ಗುಂಡಿಯಿತ್ತು. ಮರಕ್ಕೆ ಹೆಲ್ಮೆಟ್ ಬೇಡವೆಂಬುದು ಯಾರಿಗಾದರೂ ಅರ್ಥವಾಗುವ ಸಂಗತಿಯೆಂದು ನಂಬಿ ಅದನ್ನು ಒತ್ತಿದೆ.

ಒತ್ತಿದ ಕೂಡಲೇ ದಂಡ ಕಟ್ಟುವ ಗುಂಡಿ ಮಾಯವಾಯಿತು. ನ್ಯಾಯ ಕೇಳುವವರಿಗೆ ತಪ್ಪೊಪ್ಪಿಕೊಳ್ಳುವ ಸೌಕರ್ಯ ಇರುವುದಿಲ್ಲವೆಂದು ಉಜೈರ್ ತಿಳಿಸಿದರು. ಬದಲಿಗೆ ಹಿಂಬದಿ ಸವಾರರ ವಿವರ ಕೇಳುವ ಪುಟ ಬಂತು. ಹೆಸರು ಬಿಟ್ಟು ಮುಂದೆ ಹೋಗಲು ಅದು ಬಿಡಲಿಲ್ಲ. ಗೊಂಬೆ ಎಂದು ಬರೆಸಿದೆ. ಲಿಂಗ, ಗಂಡು ಅಥವಾ ಹೆಣ್ಣು ಅಥವಾ ಇತರೆ. ಇತರೆಯಲ್ಲಿ ಮರ ಸೇರುತ್ತದೆಯೋ ಇಲ್ಲವೋ ತಿಳಿಯದೆ ಹೆಣ್ಣು ಎಂದೆ. ವಯಸ್ಸು ಕೇಳಿತು. ಉಜೈರ್, "ಮೂವತ್ತು ಅಂತ ಹಾಕ್ಬುಡ್ಲಾ ಭಾಬಿ?" ಎಂದರು. ಸರ್ಕಾರಿ ಪುಟದಲ್ಲಿ ಸುಳ್ಳು ಬರೆಯಬಾರದೆಂದು ನಾನೇ ಹಟ ಹಿಡಿದು, ಲೇತ್‌ನಿಂದ ಇಳಿದು ಇನ್ನೂ ತಿಂಗಳೂ ಆಗದವಳಾದ್ದರಿಂದ, ಸೊನ್ನೆ ಎಂದು ಹಾಕಿಸಿದೆ. ಸಲ್ಲಿಸಿದ ಮೇಲೆ ಎರಡನೆಯ ಪ್ರಕರಣ ದಾಖಲಾಯಿತು: ನಾಲ್ಕು ವರ್ಷದೊಳಗಿನ ಮಗುವನ್ನು ಸುರಕ್ಷತಾ ಪಟ್ಟಿಯಿಲ್ಲದೆ ದ್ವಿಚಕ್ರ ವಾಹನದಲ್ಲಿ ಕೊಂಡೊಯ್ದದ್ದು.

ಆಮೇಲೆ ಠಾಣೆಗೆ ಹೋದೆ. ಯಾವ ಠಾಣೆಯೆಂದು ಬರೆಯುವುದಿಲ್ಲ; ಅಲ್ಲಿ ನನಗೆ ಕುಡಿಯಲು ನೀರು ಕೊಟ್ಟಿದ್ದಾರೆ. ನನ್ನ ಮುಂದೆ ಕೋಡಿಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಸೀಟ್ ಬೆಲ್ಟ್ ಹಾಕಿಲ್ಲವೆಂಬ ನೋಟಿಸು ಹಿಡಿದು ನಿಂತಿದ್ದರು. ಅವರದು ಬೈಕು. "ಬೆಲ್ಟ್ ಹಾಕಬೇಕಾದ್ರೆ ಎಲ್ಲಿಗೆ ಬಿಗೀಲಿ ಅಂತ ತೋರ್ಸಿ ಸ್ವಾಮೀ, ನಂದೇನೂ ಅಭ್ಯಂತ್ರ ಇಲ್ಲ" ಎಂದು ಅವರು ವಿನಯದಿಂದ ಕೇಳುತ್ತಿದ್ದರು. ಮಾಗಡಿಯಿಂದ ಬಂದ ಇನ್ನೊಬ್ಬರು, ತಮ್ಮ ಗಾಡಿ ಮನೆಯಲ್ಲಿ ಕೆಟ್ಟು ನಿಂತಿದ್ದ ಹೊತ್ತಿನಲ್ಲೇ ಕನಕಪುರದಲ್ಲಿ ವೇಗ ಮಿತಿ ಮೀರಿತೆಂದು ತಿಳಿದು, ಕೋಪಕ್ಕಿಂತ ಹೆಚ್ಚಾಗಿ ಹೆಮ್ಮೆಯಿಂದ, "ನಾನು ತುಳಿದ್ರೆ ನಲವತ್ತು ದಾಟಲ್ಲ ಕಣಣ್ಣಾ ಅದು" ಎನ್ನುತ್ತಿದ್ದರು.

ನನ್ನ ಪಾಳಿ ಬಂದಾಗ ಮೇಜಿನ ಹಿಂದೆ ಇದ್ದವರು ಹೆಡ್ ಕಾನ್‌ಸ್ಟೆಬಲ್ ಸುಮನಾ ಅವರು. ಗೊಂಬೆಯ ವಿಚಾರವನ್ನು ಮೊದಲಿನಿಂದ ಹೇಳಿದೆ. ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. "ಗೊಂಬೆ ಅಂತೀರಲ್ಲಮ್ಮಾ, ಕೈ ಮುಗ್ದವ್ಳಲ್ಲಾ ನೋಡಿ. ತಪ್ಪಾಯ್ತು ಅಂತ ಅವ್ಳೇ ಒಪ್ಕಂಡಂಗೈತೆ" ಎಂದರು. ಅದು ಗಿರಾಕಿಗಳಿಗೆ ಮುಗಿದ ಕೈ ಎಂದೆ. "ಕಣ್ಣು ಬೇರೆ ಮುಚ್ಕೊಂಡವ್ಳೆ. ಗಾಡೀಲಿ ಕೂತು ನಿದ್ದೆ ಹೊಡುದ್ರೆ ಬಿದ್ದೋಗಲ್ವಾ? ನೀವಾದ್ರೂ ಬುದ್ಧಿ ಹೇಳ್ಬಾರ್ದಾ?" ಎಂದರು. ಅವಳಿಗೆ ಆಗ ಇನ್ನೂ ಕಣ್ಣೇ ಇರಲಿಲ್ಲವೆಂದೆ. ಅವರು ನನ್ನನ್ನು ದೀರ್ಘವಾಗಿ ನೋಡಿ, ಪಕ್ಕದವರಿಗೆ ಕೇಳುವಂತೆ, "ಒಸಿ ಫ್ಯಾನ್ ಹಾಕಣ್ಣಾ, ಪಾಪ ಬಿಸ್ಲಲ್ಲಿ ಬಂದವ್ರೆ" ಎಂದರು. ಕೊನೆಗೆ, ಹಿಂಬದಿ ಸವಾರರು ಖುದ್ದಾಗಿ ಹಾಜರಾದರೆ ಮಾತ್ರ ಪ್ರಕರಣ ಮುಂದುವರಿಯುತ್ತದೆಂದು ತೀರ್ಮಾನವಾಯಿತು.

ಗಂಗಹನುಮಯ್ಯನವರು ಗೊಂಬೆಯನ್ನು ಕಳಿಸಲು ಒಪ್ಪಲಿಲ್ಲ. ಅವಳು ನಿಂತ ಮೇಲೆ ಕಾರುಗಳು ನಿಲ್ಲುತ್ತಿವೆ, ದನಗಳು ದೂರ ಸರಿದಿವೆ ಎಂದರು. ನನ್ನ ಎಲ್‌ಎಲ್ ಅವಧಿ ಮುಗಿಯುತ್ತ ಬಂತೆಂದು ಹೇಳಿದ ಮೇಲೆ ಸ್ವಲ್ಪ ಯೋಚಿಸಿ, "ಕಳುಸ್ತೀನಿ. ಆದ್ರೆ ಸಂಜೆವಳ್ಗೆ ವಾಪಸ್ ಬರ್ಬೇಕು, ಪೊಲೀಸ್ನೋರು ಮಡೀಕಂಬುಟ್ರೆ ನಾನು ಸ್ಟೇಶನ್ ಮುಂದೇನೇ ಅಂಗ್ಡಿ ಇಡ್ಬೇಕಾಯ್ತದೆ" ಎಂದರು. ಈ ಸಲ ಕಾನೂನಿಗೆ ಕೊರತೆಯಾಗಬಾರದೆಂದು, ಪರೀಕ್ಷೆಯ ದಿನಕ್ಕಾಗಿ ಕೊಂಡಿದ್ದ ನನ್ನ ಹೆಲ್ಮೆಟ್ಟನ್ನು ಅವಳ ತಲೆಗೆ ಹಾಕಿ, ಪಟ್ಟಿ ಬಿಗಿದೆ. ಅದು ನನಗಿಂತ ಅವಳಿಗೇ ಸರಿಯಾಗಿ ಕೂತಿತು. ನನ್ನ ಸ್ಕೂಟರಿನಲ್ಲಿ, ನನ್ನ ಸೀಟಿನಲ್ಲಿ, ನನ್ನ ಹೆಲ್ಮೆಟ್ಟಿನಲ್ಲಿ, ನನ್ನ ಗಂಡನ ಹಿಂದೆ ಅವಳು ತಮ್ಮ ಕೆಳಗೆ ಹಾದುಹೋದಳು. ಈ ಸಲ ತಮ್ಮಿಂದ ಸಂದೇಶ ಬರಲಿಲ್ಲ. ಅವಳು ತಿದ್ದಿಕೊಂಡದ್ದನ್ನು ಕಂಡು ತಾವು ಸಂತೋಷಪಟ್ಟಿರಬೇಕು. ಹಿಂದಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಎಂಬುದನ್ನು ಪ್ರಾಸಂಗಿಕವಾಗಿ ಹೇಳುತ್ತೇನೆ.

ಠಾಣೆಯಲ್ಲಿ ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿ ಹೆಲ್ಮೆಟ್ ತೆಗೆದೆವು. ಎಲ್ಲರೂ ಬಂದು ನೋಡಿದರು. ಒಬ್ಬರು ತಟ್ಟಿ ನೋಡಿ, "ಮರವೇ ಕಣ್ಲಾ" ಎಂದರು. ನನ್ನ ಎದೆಯಿಂದ ಒಂದು ಭಾರ ಇಳಿಯಿತು. ಇಳಿದದ್ದನ್ನು ಸುಮನಾ ಅವರು ಮತ್ತೆ ಎತ್ತಿಟ್ಟರು. ಚಿತ್ರವನ್ನು ಗೊಂಬೆಯ ಮುಖದ ಪಕ್ಕ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ಇದನ್ನೂ ನೋಡಿ, "ಇವ್ಳಲ್ಲ" ಎಂದರು. "ಫೋಟೋದಾಗಿರೋಳ್ಗೆ ಕಣ್ಣಿಲ್ಲ. ಇವ್ಳು ಕಣ್ ಬುಟ್ಕಂಡು ನನ್ನೇ ದುರುಗುಟ್ಕಂಡು ನೋಡ್ತಾವ್ಳೆ. ಯಾರ್ನೋ ತಂದು ಇವ್ಳೇ ಅವ್ಳು ಅಂದ್ರೆ ನಾನು ಹೆಂಗೆ ಸೈನ್ ಹಾಕ್ಲಿ? ನಾಳೆ ಕೇಳುದ್ರೆ ಏನ್ ಹೇಳ್ಲಿ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅಷ್ಟು ಎಚ್ಚರದಿಂದ ನೋಡಿದವರು ಈ ಪ್ರಕರಣದಲ್ಲಿ ಅವರೇ ಮೊದಲಿಗರು. ಕಣ್ಣನ್ನು ಜಾಗದಲ್ಲೇ ಬರೆಯಬೇಕೆಂಬ ನಮ್ಮ ಮನೆಯ ಪದ್ಧತಿಯಿಂದಾಗಿ ನಮ್ಮ ಸಾಕ್ಷಿಯನ್ನು ನಾವೇ ಕೆಡಿಸಿದ್ದೆವು.

ಯಜಮಾನರು ನನ್ನ ಮುಖ ನೋಡಿದರು, ನಾನು ಅವಳ ಮುಖ ನೋಡಿದೆ. ಬಣ್ಣದ ಡಬ್ಬಿ ಸದಾ ನನ್ನ ಚೀಲದಲ್ಲೇ ಇರುತ್ತದೆ, ಅದರ ಜೊತೆಗೆ ಟರ್ಪಂಟೈನ್ ಬಾಟಲಿ. ಬಟ್ಟೆಗೆ ಒಂದಿಷ್ಟು ಹಾಕಿಕೊಂಡು, ಠಾಣೆಯ ಮೇಜಿನ ಮುಂದೆ ನಿಂತು, ಮೊದಲು ಎಡಗಣ್ಣನ್ನು, ಆಮೇಲೆ ಬಲಗಣ್ಣನ್ನು ಒರೆಸಿದೆ. ನಾನು ಬರೆದ ಕಣ್ಣನ್ನು ನಾನೇ ಅಳಿಸಿದ್ದು ಅದೇ ಮೊದಲು. ಮಾನ್ಯರೇ, ತಮಗೆ ಕಣ್ಣಿನ ಬೆಲೆ ಗೊತ್ತಿರುವುದರಿಂದ ಇದನ್ನು ಹೆಚ್ಚು ವಿವರಿಸುವುದಿಲ್ಲ.

ಈಗ ಚಿತ್ರಕ್ಕೂ ಮುಖಕ್ಕೂ ಹೊಂದಿಕೆಯಾಯಿತು. ಸುಮನಾ ಅವರು ಕಂಪ್ಯೂಟರಿನ ಮುಂದೆ ಕೂತು, ಒಂದು ಪುಟದಿಂದ ಇನ್ನೊಂದಕ್ಕೆ ಹೋಗಿ, ನಿಟ್ಟುಸಿರುಬಿಟ್ಟು, ನನ್ನನ್ನು ಹತ್ತಿರ ಕರೆದರು. ಅವರ ದನಿ ಬದಲಾಗಿತ್ತು. "ಅಕ್ಕಾ, ನಿಜ ಹೇಳ್ತೀನಿ ಕೇಳಿ. ಗೊಂಬೆ ಅಂತ ಬರ್ಯಕ್ಕೆ ಇದ್ರಲ್ಲಿ ಜಾಗ ಇಲ್ಲ. ಕ್ಯಾಮೆರಾ ತಪ್ಪು ಅಂತ ಬರುದ್ರೆ ಫೈಲು ಮೇಲಕ್ಕೋಯ್ತದೆ, ವಾಪಸ್ ಯಾವಾಗ ಬತ್ತದೋ ಆ ದೇವ್ರಿಗೇ ಗೊತ್ತು. ಹೆಂಗ್ಸು ಅಂತ್ಲೇ ಇರ್ಲಿ. ಎಚ್ಚರಿಕೆ ಕೊಟ್ಟು ಬುಟ್ಟೆ ಅಂತ ಮುಗ್ಸಿಬುಡ್ತೀನಿ. ನಿಮ್ ಲೈಸೆನ್ಸ್ ದಾರಿ ಬಿಡುಗಡೆ ಆಯ್ತದೆ. ಏನಂತೀರಾ?" ಗೊಂಬೆಯನ್ನು ಗೊಂಬೆ ಎನ್ನಿಸಲೆಂದೇ ಇಷ್ಟು ದೂರ ಬಂದವಳು ನಾನು. ವಯಸ್ಸಿನ ಜಾಗದಲ್ಲಿ ಸೊನ್ನೆ ಬರೆಸಿದವಳು ನಾನು. ಕಿಟಕಿಯಾಚೆ ನನ್ನ ಸ್ಕೂಟರ್ ನಿಂತಿತ್ತು. ಬರೆಯಿರಿ ಎಂದೆ.

ಆದೇಶದ ಪ್ರತಿ ನನ್ನ ಬಳಿಯಿದೆ. ಹಿಂಬದಿ ಸವಾರಳು ಠಾಣೆಗೆ ಖುದ್ದು ಹಾಜರಾಗಿ, ಕೈಮುಗಿದು ತಪ್ಪೊಪ್ಪಿಕೊಂಡಿದ್ದು, ಮುಂದೆ ಹೆಲ್ಮೆಟ್ ಧರಿಸುವುದಾಗಿ ಭರವಸೆ ನೀಡಿದ್ದರಿಂದ, ಎಚ್ಚರಿಕೆ ಕೊಟ್ಟು ಎರಡೂ ಪ್ರಕರಣಗಳನ್ನು ಮುಕ್ತಾಯಗೊಳಿಸಲಾಗಿದೆ. ಆ ಸಂಜೆಯೇ ಅಂಗಡಿಗೆ ಹೋಗಿ ಅವಳಿಗೆ ಮತ್ತೆ ಕಣ್ಣು ಬರೆದೆ. ಈ ಸಲದ ಕಣ್ಣು ಸ್ವಲ್ಪ ಕಿರಿದಾಗಿ ಬಂತು. ಗಿರಾಕಿಗಳು ಈಗ ಚೌಕಾಸಿಯನ್ನೇ ಮಾಡುವುದಿಲ್ಲವೆಂದು ಗಂಗಹನುಮಯ್ಯನವರು ಹೇಳುತ್ತಾರೆ.

ಪ್ರಕರಣ ಠಾಣೆಯಲ್ಲಿ ಮುಗಿದದ್ದು ಪರೀಕ್ಷೆಯ ಪುಟಕ್ಕೆ ತಿಳಿಯಬೇಕಲ್ಲ. ಎರಡೂ ಒಂದೇ ಸರ್ಕಾರದವು, ಉಜೈರ್ ಅವರ ಒಂದೇ ಪರದೆಯ ಮೇಲೆ ಅಕ್ಕಪಕ್ಕ ತೆರೆದುಕೊಳ್ಳುವಂಥವು, ಆದರೂ ಒಂದರ ಸುದ್ದಿ ಇನ್ನೊಂದಕ್ಕೆ ಹೋಗಲು ಹಳ್ಳಿಯಿಂದ ಹಳ್ಳಿಗೆ ನಡೆದು ಹೋಗುವ ಸಂಬಂಧಿಕರಷ್ಟು ಹೊತ್ತು ಹಿಡಿಯಿತು. ದಿನಾ ಹೋಗಿ ನೋಡುತ್ತಿದ್ದೆ. ಪ್ರಕರಣ ಬಾಕಿ, ಪ್ರಕರಣ ಬಾಕಿ. ಕೊನೆಗೊಂದು ಬೆಳಿಗ್ಗೆ ಉಜೈರ್ ನನ್ನನ್ನು ಬೀದಿಯಿಂದಲೇ ಕೂಗಿ ಕರೆದು, "ಭಾಬಿ, ಕ್ಲಿಯರ್ ಆಗೋಯ್ತು! ಬಾಕಿ ಏನೂ ಇಲ್ಲ!" ಎಂದರು. ಅದೇ ಉತ್ಸಾಹದಲ್ಲಿ ಪರೀಕ್ಷೆಯ ದಿನ ಗೊತ್ತು ಮಾಡಲು ಹೋಗಿ, ಎದ್ದು ಕುರ್ಚಿಯನ್ನು ಮತ್ತೆ ನನಗೆ ಕೊಟ್ಟರು. ಎಲ್‌ಎಲ್ ಅವಧಿ ಹಿಂದಿನ ದಿನವೇ ಮುಗಿದಿತ್ತು. ಮನೆಗೆ ಬಂದು ಹೇಳಿದಾಗ ಅತ್ತೆಯವರು ತೊಗರಿಬೇಳೆ ಆರಿಸುವುದನ್ನು ನಿಲ್ಲಿಸಿ, "ಅವಳಿಗಂತೂ ಮಾಫಿ ಸಿಕ್ಕಿತಲ್ಲ" ಎಂದರು. ಮತ್ತೆ ಆರಿಸತೊಡಗಿದರು.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳು. ತಾವು ಒಪ್ಪುವುದಾದರೆ ಒಂದು ಬಿಡುವಿನ ದಿನ ಆ ಕಂಬದಿಂದ ಇಳಿದು ನಮ್ಮ ಮನೆಗೆ ಚಹಾಕ್ಕೆ ಬರಬೇಕು. ಯಾವುದು ಮರ, ಯಾವುದು ಮನುಷ್ಯ, ಯಾವುದು ಬೈಕು, ಯಾವುದು ಕಾರು ಎಂಬುದನ್ನು ಅತ್ತೆಯವರು ನಿಧಾನವಾಗಿ ಮುಟ್ಟಿಸಿ ತೋರಿಸಿಕೊಡುತ್ತಾರೆ. ಬರುವಾಗ ಹೆಲ್ಮೆಟ್ ಧರಿಸಿ ಬನ್ನಿ, ಯಾಕೆಂದರೆ ಅಷ್ಟು ಎತ್ತರದಲ್ಲಿ ಬರಿದಲೆಯಲ್ಲಿ ನಿಂತಿರುವವರು ಈ ತಾಲ್ಲೂಕಿನಲ್ಲಿ ತಾವೊಬ್ಬರೇ. ಹಿಂತಿರುಗುವಾಗ ಯಜಮಾನರು ತಮ್ಮನ್ನು ಹಿಂದೆ ಕೂರಿಸಿಕೊಂಡು ವೃತ್ತದವರೆಗೆ ಬಿಡುತ್ತಾರೆ. ಕಂಬದ ಮೇಲೆ ಯಾರೂ ಇಲ್ಲದಿರುವುದರಿಂದ ಆಗ ಯಾರಿಗೂ ದಂಡ ಬೀಳುವುದಿಲ್ಲ. ಇದಾವುದೂ ಸಾಧ್ಯವಿಲ್ಲವಾದರೆ ಇನ್ನೊಂದು ದಾರಿಯಿದೆ. ಠಾಣೆಗೆ ಖುದ್ದು ಹಾಜರಾದವಳು, ತಿದ್ದಿಕೊಂಡವಳು, ಹೆಸರಿನಲ್ಲಿ ಯಾವ ಬಾಕಿಯೂ ಇಲ್ಲದವಳು ಎಂದು ಸರ್ಕಾರವೇ ಬರೆದುಕೊಟ್ಟಿರುವ ಆ ಹೆಂಗಸಿಗೆ ಲೈಸೆನ್ಸ್ ಕೊಡಿಸಿ. ಅವಳು ಮುಂದೆ ಕೂತು ಓಡಿಸಲಿ. ನಾನು ಕೈಮುಗಿದುಕೊಂಡು ಹಿಂದೆ ಕೂರುತ್ತೇನೆ, ನಿಧಾನ ನಿಧಾನ ಎಂದು ಒಂದು ಸಲವೂ ಹೇಳುವುದಿಲ್ಲ.

ತಮ್ಮ ಒಂಟಿ ಕಣ್ಣು ಸದಾ ತೆರೆದಿರಲೆಂದು ಹಾರೈಸುತ್ತ, ಉತ್ತರ ಬರುವುದಿಲ್ಲವೆಂದು ತಿಳಿದೂ ದಾರಿ ಕಾಯುವ,

ತಮ್ಮ ವಿಶ್ವಾಸಿ,
ಹಫೀಜಾ
ಚನ್ನಪಟ್ಟಣ

ಮರೆತಿದ್ದ ಮಾತು: ಹೊಸ ಎಲ್‌ಎಲ್‌ಗೆ ಇಂದು ಬೆಳಿಗ್ಗೆ ಅರ್ಜಿ ಹಾಕಿದೆ. ಈಗ ಅರ್ಜಿದಾರರು ಕಂಪ್ಯೂಟರಿನ ಕ್ಯಾಮೆರಾದ ಮುಂದೆ ಕೂತು ಮುಖ ತೋರಿಸಬೇಕಂತೆ. ತಮ್ಮದೇ ಕುಲದವರು, ವಯಸ್ಸಿನಲ್ಲಿ ಚಿಕ್ಕವರು. ಕಣ್ಣು ಮಿಟುಕಿಸಿ ಎಂದರು, ಮಿಟುಕಿಸಿದೆ. ತಲೆ ಆಡಿಸಿ ಎಂದರು, ಆಡಿಸಿದೆ. ನಗಬೇಡಿ ಎಂದರು, ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೂರು ಸಲ ನೋಡಿ, ಮುಂದೆ ಇರುವುದು ಜೀವಂತ ವ್ಯಕ್ತಿಯೆಂದು ಖಚಿತವಾಗಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ ಎಂದರು. ತಾವು ಹಿರಿಯರು, ನನ್ನ ಪರವಾಗಿ ಅವರಿಗೊಂದು ಮಾತು ಹೇಳಬಹುದೇ?